ಹತ್ತು ನಿಮಿಷದ ಸರದಿ

ಸದನದ ನಡುವೆ, ಸಭಾಧ್ಯಕ್ಷರ ಪೀಠದ ಕೆಳಗೆ
ಒಂದು ಮೇಜು. ಅಲ್ಲಿ ನಾನು.
ಮೂವತ್ತನಾಲ್ಕು ವರ್ಷದಿಂದ
ಮಾತು ಬೀಳುವ ಕಡೆ ಪೆನ್ಸಿಲ್ ಹಿಡಿದು.

ನನ್ನ ಪಾಲಿಗೆ ಹತ್ತು ನಿಮಿಷ.
ಬೆನ್ನ ಹಿಂದೆ ಗುರುಶಾಂತ ಬಂದು ನಿಂತನೆಂದರೆ
ನಾನು ಏಳಬೇಕು, ಕುರ್ಚಿ ಬಿಸಿ ಇರುವಾಗಲೇ ಅವನು ಕೂರಬೇಕು.
ಸದಸ್ಯರು ವಾಕ್ಯದ ನಡುವೆ ಇದ್ದರೂ ಸರಿ:
ಕರ್ತೃ ನನ್ನ ಪುಟದಲ್ಲಿ, ಕ್ರಿಯಾಪದ ಅವನ ಪುಟದಲ್ಲಿ.

ಹಾಗಾಗಿ ಕೇಳಬೇಡಿ ನನ್ನ, ಯಾವ ಮಸೂದೆ ಏನಾಯಿತೆಂದು.

ಕೇಳುತ್ತಾರೆ. ಕಾಟನ್‌ಪೇಟೆಯ ನಮ್ಮ ಗಲ್ಲಿಯಲ್ಲಿ
ವಿಧಾನಸೌಧಕ್ಕೆ ಹೋಗಿಬರುವವಳು ನಾನೊಬ್ಬಳೇ.
ಕೆಳಮನೆಯ ದಸ್ತಗೀರ್ ಸಾಹೇಬರು
ಮೂಗಿಗೆ ಕೊಳವೆ ಸಿಕ್ಕಿಸಿಕೊಂಡು ಕಿಟಕಿಯಲ್ಲಿ ಕಾಯುತ್ತಾರೆ.
ಇಪ್ಪತ್ತೆರಡು ವರ್ಷ ಮಿಲ್ಲಿನಲ್ಲಿ ನೂಲು ತೆಗೆದವರು;
ಮಿಲ್ಲು ಮುಚ್ಚಿ ಎಷ್ಟೋ ಕಾಲವಾಯಿತು,
ಹತ್ತಿ ಮಾತ್ರ ಇನ್ನೂ ಎದೆಯಲ್ಲೇ ಇದೆ.
ಪಕ್ಕದಲ್ಲಿ ಆಮ್ಲಜನಕದ ಯಂತ್ರ, ಮೊಣಕಾಲೆತ್ತರ.
ಅವರ ಪರವಾಗಿ ಅದು, ಅದರ ಬೆನ್ನಿಗೆ ಮೀಟರು,
ಹಗಲೂ ರಾತ್ರಿ ದುಡಿಯುತ್ತವೆ.
ಸೊಸೆ ಮುಬೀನಾ ಗೋಡೆಯ ಕ್ಯಾಲೆಂಡರಿನಲ್ಲಿ
ಹಾಲಿನ ಲೆಕ್ಕದ ಮೇಲೆ ಯೂನಿಟ್ಟು ಬರೆಯುತ್ತಾಳೆ.

"ಏನಮ್ಮಾ, ನಮ್ಮ ವಿಷಯ ಬಂತಾ?"

ಬಂತು. ಹನ್ನೆರಡೂ ಇಪ್ಪತ್ತರಿಂದ ಹನ್ನೆರಡೂವರೆ.
ಹಿರಿಯರ ಆರೋಗ್ಯ ವಿಮೆ, ಅರವತ್ತಕ್ಕೋ ಎಪ್ಪತ್ತಕ್ಕೋ.
ಒಬ್ಬರು ತಾಯಿಯ ನೆನಪು ತೆಗೆದರು, ನಿಜಕ್ಕೂ ಗಂಟಲುಬ್ಬಿ ಬಂತು;
ಅದಕ್ಕೆ ಗುರುತಿಲ್ಲ ನಮ್ಮ ಲಿಪಿಯಲ್ಲಿ.
(ನಗು) ಇದೆ. (ಗದ್ದಲ) ಇದೆ.
ಇನ್ನೊಬ್ಬರೆದ್ದು, ವಿಮೆ ಕೊಟ್ಟು ಕರೆಂಟಿನಲ್ಲಿ ಕಿತ್ತುಕೊಂಡರೆ
ಮುದುಕರು ಬಲಗೈಲಿ ಪಡೆದದ್ದನ್ನು ಎಡಗೈಲಿ ಕಟ್ಟಬೇಕಲ್ಲ, ಅಂದರು.
ದರ ನಿಗದಿ ಆಯೋಗದ್ದು, ಸದನದ್ದಲ್ಲ, ಅಂದರು ಸಚಿವರು.
ಹಾಗಾದರೆ ಆಯೋಗ ಯಾರದ್ದು, ಅಂತ ಹಿಂದಿನ ಸಾಲಿನಿಂದ.
(ಗದ್ದಲ.)
ಆಮೇಲೆ ಬಂತು ಆ ಪದ: ಪರಿಶೀಲಿಸಲಾಗುವುದು.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಆ ಪದಕ್ಕೆ
ಐದು ಗೀರು ಬೇಕಿತ್ತು ನನಗೆ. ಬೆರಳು ನೋಯುತ್ತಿತ್ತು.
ವರ್ಷ ವರ್ಷ ಸವೆದು ಸವೆದು
ಈಗ ಒಂದೇ ಒಂದು ಕೊಕ್ಕೆ.
ಯಾರೂ ಕಲಿಸಿದ್ದಲ್ಲ; ಪದವೇ ಹಾಗಾಯಿತು.

"ಮೊದಲ ಹಂತದಲ್ಲಿ, ಎಪ್ಪತ್ತು ದಾಟಿದವರಿಗೆ..."
ಸಚಿವರು ಇಷ್ಟು ಅನ್ನುವಾಗ
ಗುರುಶಾಂತನ ನೆರಳು ಪುಟದ ಮೇಲೆ ಬಿತ್ತು.

ಇದ್ದಷ್ಟು ಹೇಳಿದೆ. ಸಾಹೇಬರು ಬೆರಳು ಮಡಿಸಿದರು.
ಅವರಿಗೀಗ ಅರವತ್ತೇಳು.
"ಮೂರು ವರ್ಷ," ಅಂದರು. ಯಂತ್ರ ಒಮ್ಮೆ ಗುಟುಕರಿಸಿತು.
"ಅಲ್ಲೀವರೆಗೆ ಉಸಿರು ಬಿಗಿಹಿಡಿದು ಕೂತಿರಲಾ?"
ತಾವೇ ನಕ್ಕರು. ನಕ್ಕು ಕೆಮ್ಮಿದರು. ಮುಬೀನಾ ನೀರು ತಂದಳು.
(ನಗು) ಎಂದು ಬರೆದರೆ ಇದು ಬರುವುದಿಲ್ಲ.

ನನಗೂ ಮುಂದಿನ ತಿಂಗಳ ಕೊನೆಗೆ ನಿವೃತ್ತಿ.
ಅರವತ್ತು. ಎಷ್ಟನೆಯ ಹಂತ ನನ್ನದು,
ಗುರುಶಾಂತನ ಪುಟ ನೋಡಬಹುದಿತ್ತು. ನೋಡಲಿಲ್ಲ.

ರಾತ್ರಿ ಒಂದೂಕಾಲಿಗೆ ಕರೆಂಟು ಹೋಯಿತು.
ಟಾರ್ಚು ಹಿಡಿದು ಮೆಟ್ಟಿಲಿಳಿದೆ.
ಮುಬೀನಾ ಸಿಲಿಂಡರಿನ ಕೀಲಿ ತಿರುಗಿಸುತ್ತಿದ್ದಳು,
ಬಳೆ ಸದ್ದಾಗದಂತೆ ಮೊಣಕೈಗೆ ಏರಿಸಿಕೊಂಡು.
ಪುಟ್ಟ ಸಿಲಿಂಡರು. ಅದರ ಲೆಕ್ಕ ಮೂವರಿಗೂ ಗೊತ್ತು.
ಸಹಾಯವಾಣಿಯಲ್ಲಿ ಹೆಣ್ಣುದನಿ: ನಿಮ್ಮ ಕರೆ ನಮಗೆ ಮುಖ್ಯ.
ಸುಮ್ಮನೆ ಕೂತೆ. ಮೊಣಕಾಲ ಮೇಲೆ ಬೆರಳು
ತನ್ನಷ್ಟಕ್ಕೆ ಬರೆಯತೊಡಗಿತ್ತು: ಒಳಗೆ, ಒಂದು ಗೀರು.
ಹೊರಗೆ, ಇನ್ನೊಂದು. ನಡುವೆ ಆ ಬಿಡುವು.
ಅದಕ್ಕೇನು ಗುರುತು ಹಾಕಲೆಂದು
ಪ್ರತಿ ಸಲವೂ ಬೆರಳು ತಡೆಯಿತು.

ಹತ್ತು ನಿಮಿಷ ಆಗಿರಬೇಕು.
ಅಭ್ಯಾಸಬಲ, ತಿರುಗಿ ನೋಡಿದೆ.
ಬಾಗಿಲಲ್ಲಿ ಎದುರುಮನೆಯ ಬೆಕ್ಕು, ಬೇರೆ ಯಾರೂ ಇಲ್ಲ.
ಮತ್ತೆ ಇತ್ತ ತಿರುಗಿ
ಮುಂದುವರಿಸಿದೆ.