ಮೂಗು

ಮಾಜಾಳಿ ನಾಕೆಯ ಆಚೆ, ಗೋವಾ ಇನ್ನೂ ಶುರುವಾಗದ ಆ ಚೂರು ದಾರಿಯಲ್ಲಿ
ಹೊಸ ಹೋಟೆಲು ತೆರೆದಿದೆಯೆಂದು ಹೇಳಿದ್ದು ಕ್ಷೌರದ ಅಂಗಡಿಯ ಉಲ್ಲಾಸ.
ಬಿದಿರಿನ ದೀಪ, ಬೇಕಂತಲೇ ನುಣುಪು ಮಾಡದೆ ಬಿಟ್ಟ ನೆಲ,
ಊಟಕ್ಕೆ ಮೊದಲು ಗೇರುಹಣ್ಣಿನ ವೈನು. ಲೈಸೆನ್ಸು ಉಂಟಂತೆ.
ಶೇವಂತಿ ನಕ್ಕಳು: "ಹೋಗಿ ಬರುವ. ಈ ಸಲ ಖಾಕಿ ಬೇಡ."

ಇಪ್ಪತ್ತೊಂಬತ್ತು ವರ್ಷ ಅಬಕಾರಿಯಲ್ಲಿದ್ದೆ.
ದತ್ತಾರಾಮ ಗುನಗಿ ಎಂಬ ಹೆಸರು ಪಗಾರದ ದಿನ ಮಾತ್ರ;
ಉಳಿದಂತೆ, ಮೂಗು.
"ಮೂಗನ್ನು ಕರೀರಿ" ಅಂದರೆ ಜೀಪಿನ ಮುಂದಿನ ಸೀಟು ನನಗೆ.
ಎಪ್ರಿಲ್ಲಿನಲ್ಲಿ ಗುಡ್ಡವೆಲ್ಲ ಒಂದೇ ವಾಸನೆ, ಬಿದ್ದು ಕೊಳೆತ ಹಣ್ಣಿನದು.
ಅದರೊಳಗಿಂದ ಬೆಂಕಿಯ ಮೇಲಿನ ಹಂಡೆಯದನ್ನು ಬಿಡಿಸಿ ತೆಗೆಯುವುದು,
ಮದುವೆಮನೆಯ ಗದ್ದಲದಲ್ಲಿ
ನಮ್ಮದೇ ಕೂಸಿನ ಅಳು ಹಿಡಿದ ಹಾಗೆ.

ಹುಡುಗಿ ಬಂದಳು, ನೀಲಿ ಏಪ್ರನ್ನು, ಗಿಡ್ಡ ಕೂದಲು.
ಉದ್ದ ಕಾಲಿನ ಗ್ಲಾಸಿಗೆ ಎರಡು ಬೆರಳು ಸುರಿದು
"ಮೊದಲು ಮೂಸಬೇಕು ಅಂಕಲ್," ಎಂದಳು,
ಹೇಗೆ ತಿರುಗಿಸಬೇಕೆಂದೂ ತೋರಿಸಿದಳು.
ನನಗೆ!
ಶೇವಂತಿ ಬಾಯಿಗೆ ಸೆರಗು ಒತ್ತಿಕೊಂಡಳು.

ಮೂಸಿದೆ.
ಹಸಿ ಹುಲ್ಲು, ತುಸು ಜೇನು, ಗಂಟಲು ಕೆರೆಯುವ ಆ ಒಗರು
ಬಹಳ ದೂರದಲ್ಲಿ, ತೊಳೆದು ಇಸ್ತ್ರಿ ಮಾಡಿಟ್ಟ ಹಾಗೆ.
ಒಳ್ಳೆಯದಿತ್ತು. ಸುಳ್ಳು ಯಾಕೆ.

ಬಳಚು ಬಂತು, ಬಟ್ಟಲಿಗೆ ಹದಿಮೂರು (ಎಣಿಸಿದೆ, ಹಳೆ ಚಾಳಿ),
ಕಾಯಿಹಾಲಿನಲ್ಲಿ ಎರಡೇ ಕಾಳು ತೆಪ್ಪಲ.
"ಇಷ್ಟಕ್ಕೆ ಇಷ್ಟು ದುಡ್ಡಾ, ಪೇಟೆಯಲ್ಲಿ ಬುಟ್ಟಿಯೇ ಬರ್ತದೆ"
ಎನ್ನುತ್ತಲೇ ಶೇವಂತಿ ಬಟ್ಟಲು ಒರೆಸಿ ಒರೆಸಿ ತಿಂದಳು.

ಗೋಡೆಗೆ ಒಂದೇ ಅಲಂಕಾರ: ತಾಮ್ರದ ಹಂಡೆ,
ಹೊಟ್ಟೆಯಲ್ಲಿ ಅಂಗೈಯಗಲದ ತೂತು.
ಅಂಚು ಒಳಕ್ಕೆ ಮಡಚಿದೆ. ಹಾರೆ ಹೊರಗಿನಿಂದ ಬಿದ್ದದ್ದು.
ಎಡಚನ ಏಟು, ಸ್ವಲ್ಪ ಓರೆ.

ನಾನು ಚಮಚವನ್ನು ಬಲಗೈಗೆ ಬದಲಿಸಿದೆ.

"ನಮ್ಮಪ್ಪಂದು," ಎಂದಳು ತಟ್ಟೆ ಎತ್ತುತ್ತ. "ಇನಾಸ್. ಗೊತ್ತಾ ನಿಮಗೆ?"

ಪಂಚನಾಮೆಯಲ್ಲಿ ಬರೆದದ್ದು: ಆರೋಪಿ ಪರಾರಿ.
ಆಗಿರಲಿಲ್ಲ. ಮರದ ಬುಡಕ್ಕೆ ಒರಗಿ ಕೂತಿದ್ದ,
ತೊಡೆಯ ಮೇಲೆ ಜ್ವರದ ಕೂಸು.
ಕೆಳಗೆ ಜೀಪಿನಲ್ಲಿದ್ದ ಸಾಹೇಬರಿಗೆ ಕೂಗಿ ಹೇಳಿದೆ, ಓಡಿದ ಸರ್.
ಹಂಡೆ ಒಡೆದೆ. ಏನಾದರೂ ಒಡೆಯಲೇಬೇಕಿತ್ತು,
ಸದ್ದು ಕೆಳಗಿನವರೆಗೆ ಕೇಳುವಷ್ಟು.

"ಗೊತ್ತಿಲ್ಲ," ಎಂದೆ.
ಅವಳು ನನ್ನ ಎಡಗೈ ನೋಡಿದಳು, ಅಥವಾ ಗಡಿಯಾರ.

ಬಿಲ್ಲಿನಲ್ಲಿ ಒಂದು ಪೈಸೆ ಬಿಟ್ಟಿರಲಿಲ್ಲ, ತೆರಿಗೆ ಸಮೇತ.
ಜೊತೆಗೆ ಪೇಪರಿನಲ್ಲಿ ಸುತ್ತಿದ, ಚೀಟಿಯಿಲ್ಲದ ಕುಪ್ಪಿ.
"ಇದು ಮೆನುವಿನಲ್ಲಿಲ್ಲ. ಅಪ್ಪ ಕಿಂಡಿಯಿಂದ ನೋಡಿದ್ರು.
ಕೊಡು ಅಂದ್ರು, ಅಷ್ಟೆ."

ನಾಕೆಯಲ್ಲಿ ರಿಕ್ಷಾ ನಿಂತಿತು. ಹೊಸ ಪೋರ,
ಮೀಸೆ ಈಗಷ್ಟೇ ಮೊಳೆತದ್ದು, ತಲೆ ಒಳಗಿಟ್ಟು ಟಾರ್ಚು ಬಿಟ್ಟ.
ಕುಪ್ಪಿ ಶೇವಂತಿಯ ಮಡಿಲಲ್ಲಿ. ಬೂಚು ಸಡಿಲ.
ಇಡೀ ರಿಕ್ಷಾ ಎಪ್ರಿಲ್ಲಾಗಿತ್ತು.
"ಏನುಂಟು?"
"ಏನಿಲ್ಲ. ಮೀನೂಟ ಮಾಡಿ ಬಂದೆವು."
ಅವನು ದೀರ್ಘ ಉಸಿರೆಳೆದ. ಹೋಗಿ ಎಂದ.

ಕಾಳಿ ಸೇತುವೆಯ ಮೇಲೆ ಶೇವಂತಿ ಹೇಳಿದಳು:
"ನೆಗಡಿಯೇನೋ, ಪಾಪ, ಹುಡುಗನಿಗೆ."
ಇರಬಹುದು, ಎಂದೆ.