ಎಂಟನೇ ನಕಲು

ಹೈದರಾಬಾದ್ ರಸ್ತೆಯ ಹೊಸ ಹೋಟೆಲಿಗೆ
ಎಂಟು ಬೇಕಂತೆ, ಎಂಟೂ ಒಂದೇ ಥರ,
ಮೂರಡಿಗೆ ನಾಲ್ಕಡಿ, ಕೈಯಿಂದಲೇ ಬಿಡಿಸಿದ್ದು.
ಫಡ್ತರೆ ಸಾಹೇಬರು ತಂದುಕೊಟ್ಟ ಪ್ರಿಂಟಿನಲ್ಲಿ
ಯಾವುದೋ ದೂರದ ಸೀಮೆ, ಎಷ್ಟೋ ಹಳೆಯ ಕಾಲ.
ಸೋಲಾಪುರದ ಮೇ ತಿಂಗಳ ಮುಂದೆ
ಅಲ್ಲಿನ ಬಿಸಿಲು ನೀರು ಬೆರೆಸಿದ ಹಾಲು.

ಸುಗ್ಗಿ ಮುಗಿದ ಹೊಲ. ಮೂವರು ಹೆಂಗಸರು.
ಇಬ್ಬರು ಪೂರ್ತಿ ಬಾಗಿದ್ದಾರೆ, ಒಬ್ಬಳು ಅರ್ಧ.
"ಏನ್ ಮಾಡಾಕತ್ತಾರ ಇವರು?"
ಚೌಕಟ್ಟಿನ ಅಂಗಡಿಯ ಯಾಸೀನ ಕೇಳಿದ.
ಹಕ್ಕಲ ಆಯಾಕತ್ತಾರ, ಅಂದೆ, ಯೋಚಿಸದೆ.
ಆ ಮಾತು ನನ್ನ ಬಾಯಿಗೆ ಬಂದು
ನಲವತ್ತು ವರ್ಷವಾಗಿತ್ತು.

ಪೆನ್ಸಿಲಿನಿಂದ ಚೌಕ ಎಳೆದೆ,
ಪ್ರಿಂಟಿನ ಮೇಲೆ ಬೆರಳಗಲ, ಕ್ಯಾನ್ವಾಸಿನ ಮೇಲೆ ಅಂಗೈಯಗಲ.
ಅಂಗಡಿ ಬೋರ್ಡು ಬರೆಯುತ್ತಿದ್ದ ಅಪ್ಪನ ಲೆಕ್ಕ ಇದು:
ಚಿತ್ರ ನೋಡಬೇಡ, ಚೌಕ ನೋಡು.
ಕೈ ಇದೆ ಎನ್ನಬೇಡ, ಗೆರೆ ಇದೆ ಎನ್ನು.
ಮೊದಲ ಮೂರು ನಕಲು ಹಾಗೇ ಆದವು,
ಚೌಕ ಚೌಕವಾಗಿ,
ಯಾರ ಹೊಲವೂ ಅಲ್ಲದ ಹೊಲ.

ನಾಲ್ಕನೆಯದರಲ್ಲಿ ಕೈ ತಪ್ಪಿತು.
ಎಡಗಡೆಯವಳು ಬೆನ್ನ ಹಿಂದೆ ಹಿಡಿದ ತೆನೆ
ಗೋಧಿಯಾಗಲಿಲ್ಲ, ಬಿಳಿಜೋಳವಾಯಿತು.
ಹೊಟಗಿಯಾಚೆ ಎರೆಹೊಲದಲ್ಲಿ
ಆಯಿ ಹಾಗೇ ಬಾಗುತ್ತಿದ್ದಳು,
ಒಂದು ಕೈ ನೆಲಕ್ಕೆ, ಒಂದು ಕೈ ನಡುವಿಗೆ.
ಕೂಳೆ ಚುಚ್ಚಿದರೆ ಉಗುಳು ಹಚ್ಚಿ ಮುಂದೆ.
ಯಾರೂ ಗುರುತಿಸಲಿಕ್ಕಿಲ್ಲ ಎಂದು ಬಿಟ್ಟೆ.
ಯಾರೂ ಗುರುತಿಸಲಿಲ್ಲ.

ಬಲಗಡೆ, ಬಹಳ ದೂರ, ಬಣವಿಗಳ ಹತ್ತಿರ
ಜೋಳದ ಕಾಳಿನಷ್ಟು ಒಬ್ಬ ಕುದುರೆ ಸವಾರ.
ಪ್ರಿಂಟಿನಲ್ಲಿ ಅದು ಬರೀ ಕಲೆ,
ನೊಣ ಕೂತು ಎದ್ದುಹೋದಂತೆ.
ಆದರೂ ನನಗೆ ಅವನ ಪರಿಚಯವಿದೆ.
ಯಾರು ಎಷ್ಟು ಆಯ್ದರು,
ಯಾರ ಉಡಿ ಎಷ್ಟು ಉಬ್ಬಿತು
ಎಂದು ಕೂತಲ್ಲಿಂದಲೇ ಅಳೆಯುವವನು.
ಅವನ ಕೆಳಗಿನ ಜೀನೂ ನಮ್ಮದೇ.
ನಾವು ಜೀನಗಾರರು.
ಅಜ್ಜ ಹೊಲಿದರೆ ಜೀನು ಮೂವತ್ತು ವರ್ಷ ಬಾಳುತ್ತಿತ್ತು.
ಹೊಲಿದವನ ಮನೆಯ ಹಿಟ್ಟು
ಅಷ್ಟು ದಿನ ಬಾಳುತ್ತಿರಲಿಲ್ಲ.
ಹಾಗಾಗಿ ಗಂಡನ ಕೈಯ ಹೊಲಿಗೆ ಮೇಲೆ,
ಹೆಂಡತಿ ಕೆಳಗೆ, ಒಂದೇ ಹೊಲದಲ್ಲಿ.

ಒಂದೆಳೆ ಕುಂಚದಿಂದ ಅವನನ್ನು ಬಿಡಿಸುತ್ತ ಹೋದೆ.
ಒಂದು ಸಂಜೆ ಏಳನ್ನೂ ಗೋಡೆಗೆ ಒರಗಿಸಿದಾಗ
ಯಾಸೀನ ತಲೆ ಕೆರೆದುಕೊಂಡ.
ನಕಲಿನಿಂದ ನಕಲಿಗೆ ಅವನು ಬೆಳೆದುಬಿಟ್ಟಿದ್ದ:
ಕಾಳು, ಹುಣಸೆಬೀಜ,
ಏಳನೆಯದರಲ್ಲಿ ನನ್ನ ಹೆಬ್ಬೆರಳು.

ಎಂಟನೆಯದಕ್ಕೆ ಕುದುರೆ ಬಿಡಿಸಿದೆ.
ಜೀನು ಬಿಡಿಸಿದೆ, ರಿಕಾಬು, ತಂಗು,
ಅಂಚಿನ ಜೋಡಿ ಹೊಲಿಗೆ ಕೂಡ.
ಆಮೇಲೆ ಕುಂಚ ತೊಳೆದೆ.

ಸಾಹೇಬರು ಮೊಬೈಲು ಹಿಡಿದು ಒಂದೊಂದನ್ನೂ ತಾಳೆ ನೋಡಿದರು.
ಜೋಳ ಕಾಣಲಿಲ್ಲ. ಬೆಳೆದವನು ಕಾಣಲಿಲ್ಲ.
ಎಂಟನೆಯದರ ಮುಂದೆ ನಿಂತು ಮರಾಠಿಯಲ್ಲಿ ಕೇಳಿದರು,
ಇದರಲ್ಲಿದ್ದ ಮನುಷ್ಯ ಎಲ್ಲಿ?
ಉಣ್ಣಾಕ ಹೋಗ್ಯಾನ್ರಿ, ಅಂದೆ, ಕನ್ನಡದಲ್ಲೇ.
ನಿಮ್ಮ ಹೋಟೆಲಿಗೇ.
ಅವರ ತವರಿನ ಕಡೆ ಕನ್ನಡವಿದೆ, ತಾಯಿ ಅಕ್ಕಲಕೋಟೆಯವರು.
ನಕ್ಕರು.
ಇನ್ನೂರು ರೂಪಾಯಿ ಮುರಿದುಕೊಂಡರು.

ಏಳು ಹಾಲಿನಲ್ಲಿವೆ.
ಎಂಟನೆಯದು ಕೈತೊಳೆಯುವಲ್ಲಿ, ಸೋಪಿನ ಡಬ್ಬಿಯ ಮೇಲೆ.
ಉಂಡವರು ಬಾಗಿ ಬಾಯಿ ಮುಕ್ಕಳಿಸಿ
ತಲೆ ಎತ್ತಿದರೆ ಖಾಲಿ ಜೀನು ಎದುರಿಗೆ.
ಒಬ್ಬರೂ ಏನೂ ಕೇಳಿಲ್ಲವಂತೆ.

ಮೊನ್ನೆ ಮತ್ತೊಂದು ಆರ್ಡರು ಬಂತು. ಬರೀ ಬಣವಿಗಳು, ಹತ್ತು.
ಮನುಷ್ಯರೇ ಇಲ್ಲ, ನಿಮಗೆ ಸಲೀಸು, ಎಂದರು.
ಪ್ರಿಂಟು ಹರವಿಕೊಂಡು ಕೂತಿದ್ದೇನೆ.
ಬಣವಿಯ ಬುಡದಲ್ಲಿ ನೀಲಿ ನೆರಳು.
ಅಷ್ಟು ನೆರಳಿಗೆ ಮೂವರು ಕೂತು
ರೊಟ್ಟಿ ಬಿಚ್ಚಬಹುದು.