ತಗಡಿನಲ್ಲಿ ಹಿಡಿಸದ ಸಾಲು

ಮಳವಳ್ಳಿ ಬಸ್‌ಸ್ಟ್ಯಾಂಡ್ ಹಿಂದೆ ನನ್ನ ಅಂಗಡಿ.
ಟ್ರ್ಯಾಕ್ಟರ್ ನಂಬರು, ಬಾರಿನ ಬೋರ್ಡು, ಸತ್ತವರ ಹೆಸರು,
ಎಲ್ಲಕ್ಕೂ ಅಕ್ಷರಕ್ಕಿಷ್ಟು ಅಂತ ಕಾಸು.
ಗಾರ್ಡ್ ಪ್ರಮೀಳಾ ಮೂರಡಿ ತಗಡು ತಂದಳು,
ಮುತ್ತತ್ತಿ ಕೆಳಗಿನ ತಿಟ್ಟಿಗೆ:

ಬಲೆ ಬೀಸಬಾರದು. ಗಾಳ ಹಾಕಬಾರದು.
ತೋಟೆ ಸಿಡಿಸಿದರೆ ಜೈಲು.
ಮರಳು ಮೊಗೆಯಬಾರದು, ಸೌದೆ ಮುರಿಯಬಾರದು,
ಆಷಾಢದಿಂದ ದೀಪಾವಳಿವರೆಗೆ
ತಿಟ್ಟಿನ ಮೇಲೆ ಕಾಲೇ ಇಡಬಾರದು.

ಕೊನೆಗೊಂದು ಸಾಲಿತ್ತು, ಚೀಟಿಯಲ್ಲಿ: 'ಉದ್ದೇಶ'.
ಅಷ್ಟರಲ್ಲಿ ತಗಡು ಮುಗಿದಿತ್ತು, ಕೆಂಪು ಬಣ್ಣವೂ.
"ಹೋಗ್ಲಿ ಬಿಡಿ ಆಚಾರ್ರೇ" ಅಂದಳು.

ಮೊಳೆ ಹೊಡೆಯೋಕೆ ನಾನೇ ಹೋದೆ,
ಮಂಚಯ್ಯನ ತೆಪ್ಪದಲ್ಲಿ.
ಅವನ ಎಡಗೈಗೆ ಎರಡೇ ಬೆರಳು.
ಯಾವ ತೋಟೆ, ಯಾವ ವರ್ಷ, ನಾನು ಕೇಳಲಿಲ್ಲ.
ಹುಟ್ಟು ಮಾತ್ರ ಸದ್ದಿಲ್ಲದೆ ಹಾಕುತ್ತಿದ್ದ,
ಬಾಣಂತಿ ಕೋಣೆಯ ಮುಂದೆ ನಡೆದ ಹಾಗೆ.

"ಅಲ್ನೋಡಿ."
ಮೊಣಕಾಲುದ್ದ ನೀರು. ಬೆಣಚುಕಲ್ಲಿನ ಸಂದಿನಲ್ಲಿ
ಸಾಸಿವೆಗಿಂತ ದಪ್ಪ, ಕಡಲೆಗಿಂತ ಸಣ್ಣ,
ಹಳದಿ ಕಾಳು ಕಾಳು.
ಆಚೆ ಮಡುವಿನಲ್ಲಿ ನನ್ನ ತೋಳುದ್ದದ ಬಿಳಿಮೀನು
ಹೊಳೆಗೆ ಎದುರಾಗಿ, ನಿಂತಲ್ಲೇ ಈಜುತ್ತಿತ್ತು.
ನೀರುನಾಯಿಯೊಂದು ನಮ್ಮನ್ನು ನೋಡಿ
ಕಾನೂನು ಗೊತ್ತಿದ್ದವರ ಹಾಗೆ ಮುಖ ತಿರುಗಿಸಿತು.

ಹೊಳೆಮತ್ತಿ ಮರದ ಬುಡಕ್ಕೆ ತಗಡು ಒತ್ತಿ ಸುತ್ತಿಗೆ ಎತ್ತಿದೆ.
ಮಂಚಯ್ಯ ನನ್ನ ಮಣಿಕಟ್ಟು ಹಿಡಿದ,
ಆ ಎರಡು ಬೆರಳಿಂದ.
ಏನೂ ಹೇಳಲಿಲ್ಲ.

ತಂತಿ ಸುತ್ತಿ ಕಟ್ಟಿ ಬಂದೆವು.
ದೂರದಿಂದ ತಿರುಗಿ ನೋಡಿದೆ: ತಗಡು ಕೊಂಚ ವಾರೆ.
ಮೂವತ್ತೆರಡು ವರ್ಷದ ಕಸುಬಿನಲ್ಲಿ
ನಾನು ಸೊಟ್ಟಗೆ ಬಿಟ್ಟು ಬಂದಿದ್ದು
ಅದೊಂದೇ ಬೋರ್ಡು.